ಕಬ್ಬಿಣದ ಬೀರುವಿನ ಎಮಿಲ್

ಎಮಿಲ್ ವ್ರಾಬೆಲ್ ಕೈಗೆ ಯಾರಾದರೂ ರಿವಾಲ್ವರ್ ಕೊಟ್ಟರೆ ಅವನು ಮೊದಲು ಅದನ್ನು ಮೂಸಿ ನೋಡುತ್ತಿದ್ದ. ಎಣ್ಣೆ ಹಳೆಯದೋ ಹೊಸದೋ ಅಂತ. ಆಮೇಲೆ ಹೆಬ್ಬೆರಳಿನಿಂದ ಸಿಲಿಂಡರನ್ನು ಹೊರಗೆ ತಳ್ಳಿ, ಆರು ತೂತೂ ಖಾಲಿ ಇವೆಯೇ ಎಂದು ಕಣ್ಣಿಂದ ನೋಡಿ, ನಂಬದೆ ಕಿರುಬೆರಳಿನಿಂದ ಮುಟ್ಟಿಯೂ ನೋಡಿ, ಎರಡೂ ಕೈ ಹಚ್ಚಿ ಮೆಲ್ಲಗೆ ಮುಚ್ಚುತ್ತಿದ್ದ. ಸಿನಿಮಾದಲ್ಲಿ ಮಾಡುವ ಹಾಗೆ ಕೈ ಒದರಿ ಫಟ್ಟನೆ ಮುಚ್ಚಿದವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ನಿನ್ ಮನೆ ಬಾಗಿಲೂ ಹಿಂಗೇ ಒದ್ದು ಮುಚ್ತೀಯೇನೋ?" ಅಂತ ಕೇಳುತ್ತಿದ್ದ. ಒಮ್ಮೆ ನನಗೂ ಕೇಳಿದ್ದ. ಅದು ನಾನು ಊರಿನ ಬಂದೂಕು ಕ್ಲಬ್ಬಿಗೆ ಸೇರಿದ ಮೊದಲ ವಾರ. ನನ್ನ ಹೆಸರು ಗಸ್. ಶಾಲೆಯ ಬಸ್ಸು ಓಡಿಸುತ್ತಿದ್ದೆ. ಗುರುವಾರ ಸಂಜೆ ಕ್ಲಬ್ಬಿನಲ್ಲಿ ಗುರಿ ಹೊಡೆಯುವವರ ಅಂಕ ಬರೆಯುವ ಕೆಲಸ ನನ್ನದು.

ನಮ್ಮೂರು ಕರ್ಸ್ ಲ್ಯಾಂಡಿಂಗ್, ಒಹಾಯೊ ನದಿಯ ವೆಸ್ಟ್ ವರ್ಜೀನಿಯಾ ಕಡೆಯ ದಂಡೆಯಲ್ಲಿದೆ. ಊರಿಗೆ ಇದ್ದದ್ದೊಂದು ತಗಡಿನ ಕಾರ್ಖಾನೆ. ಎಮಿಲ್ ಅಲ್ಲಿ ಮೂವತ್ತೆಂಟು ವರ್ಷ ಉರುಳೆಗಳಿಗೆ ಸಾಣೆ ಹಿಡಿದ. ತಗಡನ್ನು ತೆಳ್ಳಗೆ ಎಳೆಯುವ ಆ ದೊಡ್ಡ ಉರುಳೆಗಳ ಮೈಮೇಲೆ ಕೂದಲೆಳೆಯಷ್ಟು ಉಬ್ಬಿದ್ದರೂ ತಗಡು ಕೆಡುತ್ತದೆ. ಅವನು ಅದನ್ನು ಅಂಗೈ ಸವರಿಯೇ ಹೇಳುತ್ತಿದ್ದ. ಅಳತೆಯ ಯಂತ್ರ ಆಮೇಲೆ ಬಂದು ಅವನ ಮಾತನ್ನೇ ಹೇಳುತ್ತಿತ್ತು.

ಅವನು ಕೂಡಿಟ್ಟದ್ದು ಒಂದೇ ಜಾತಿ. ಮಧ್ಯಮ ಮೈಕಟ್ಟಿನ, ಆರು ಗುಂಡಿನ, ಮೂರು ಐವತ್ತೇಳರ ಅಳತೆಯ ಮ್ಯಾಗ್ನಮ್ ರಿವಾಲ್ವರುಗಳು. ಅದೂ ಹಳೆಯವು ಮಾತ್ರ, ನಳಿಗೆಯನ್ನು ಕೈಯಿಂದ ಕೂರಿಸಿ ಅಡ್ಡಕ್ಕೆ ಸಣ್ಣ ಮೊಳೆ ಬಡಿಯುತ್ತಿದ್ದ ಕಾಲದವು. ದೊಡ್ಡ ಮೈಯವು ಸೊಂಟ ಜಗ್ಗುತ್ತವೆ, ಚಿಕ್ಕವು ಅಂಗೈಗೆ ಒದೆಯುತ್ತವೆ, ಇವು ಕೈಯಲ್ಲಿ ಕೂರುತ್ತವೆ ಅನ್ನುತ್ತಿದ್ದ. ಮೊದಲನೆಯದನ್ನು ಎಪ್ಪತ್ತೆರಡರಲ್ಲಿ, ನಿವೃತ್ತಿಯಾಗುತ್ತಿದ್ದ ಪಕ್ಕದೂರಿನ ಪೊಲೀಸಿನವನಿಂದ ಕೊಂಡ. ಚರ್ಮದ ಚೀಲದಲ್ಲಿ ಹದಿನೈದು ವರ್ಷ ಉಜ್ಜಿ ಉಜ್ಜಿ ನಳಿಗೆಯ ತುದಿಯ ನೀಲಿ ಬಣ್ಣ ಹೋಗಿ ಬೆಳ್ಳಗಾಗಿತ್ತು. ಮತ್ತೆ ಬಣ್ಣ ಹಾಕಿಸು ಅಂದವರಿಗೆ ಅವನು, "ನಿಮ್ಮಜ್ಜಿಗೆ ಕೂದಲಿಗೆ ಬಣ್ಣ ಹಾಕಿಸಿದ್ರಾ?" ಅಂದಿದ್ದ.

ಆ ಜಾತಿಯ ರಿವಾಲ್ವರಿಗೊಂದು ಗುಣವಿದೆ. ನಳಿಗೆಯ ಬುಡದಲ್ಲಿ, ಕೆಳಗಡೆ, ಉಕ್ಕು ತೆಳು. ಸದಾ ಹೆಚ್ಚು ಮದ್ದಿನ ಮ್ಯಾಗ್ನಮ್ ತೋಟಾಗಳನ್ನೇ ಹಾರಿಸಿದರೆ ಅಲ್ಲಿ ಬಿರುಕು ಬೀಳುತ್ತದೆ. ಎಮಿಲ್ ತನ್ನ ನೆಲಮಾಳಿಗೆಯಲ್ಲಿ ಕೂತು ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಿದ್ದ, ಮದ್ದು ಕಡಿಮೆ ಹಾಕಿ, ಹಗುರವಾಗಿ. "ಆರು ದಿನ ಸೂಪು, ಭಾನುವಾರ ಮಾತ್ರ ಮಾಂಸ. ಆಗ ಮೊಮ್ಮಕ್ಕಳ ಕಾಲದವರೆಗೂ ಬರುತ್ತೆ." ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಆಗ್ನೆಸ್ ಇದ್ದಳು. ನೆಲಮಾಳಿಗೆಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಬೀರು ಇತ್ತು. ಇಪ್ಪತ್ತೊಂದನೆಯ ಶತಮಾನ ಬರುವ ಹೊತ್ತಿಗೆ ಅದರೊಳಗೆ ಹದಿನಾರು ರಿವಾಲ್ವರುಗಳಿದ್ದವು. ಕೊಂಡಿದ್ದ, ಬದಲಿ ಮಾಡಿಕೊಂಡಿದ್ದ. ಮಾರಿದ್ದು ಒಂದೂ ಇಲ್ಲ.

ರೋಲಂಡ್ ಹಾಯ್ಟ್ ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಎಮಿಲ್ ಸಾಣೆ ಹಿಡಿದ ಉರುಳೆಯನ್ನು ಎತ್ತಿ ಒಯ್ಯುವವನು ಅವನೇ. ಇಬ್ಬರೂ ಕ್ಲಬ್ಬಿಗೆ ಒಂದೇ ಟ್ರಕ್ಕಿನಲ್ಲಿ ಬರುತ್ತಿದ್ದರು. ಎಮಿಲ್‌ನ ಹತ್ತಿರ ನಾಲ್ಕಿಂಚು ನಳಿಗೆಯದೊಂದಿತ್ತು, ಆಕ್ರೋಡು ಮರದ ಹಿಡಿಯದು. ಅದರ ಮೇಲೆ ರೋಲಂಡ್‌ನ ಕಣ್ಣು. ಹನ್ನೊಂದು ವರ್ಷ ಕೇಳಿದ.

"ಮಾರೋ ಮಾರಾಯ. ನೀನು ಸತ್ತ ಮೇಲೆ ಆಗ್ನೆಸ್ ಹೆಂಗೂ ನನಗೇ ಕೊಡ್ತಾಳೆ."

"ನಾನು ಸತ್ತ ಮೇಲೆ ಅವಳಿಗೆ ಕೊಡಬೇಡ ಅನ್ನೋಕೆ ದೆವ್ವ ಆಗಿ ಬರ್ತೀನಿ ಹೋಗು."

ಇದು ಟ್ರಕ್ಕಿನಲ್ಲಿ ಪ್ರತಿ ಗುರುವಾರದ ಮಾತು. ಹಿಂದಿನ ಸೀಟಿನಲ್ಲಿ ಕೂತು ನಾನೂ ಎಷ್ಟೋ ಸಲ ಕೇಳಿದ್ದೇನೆ.

ಎರಡು ಸಾವಿರದ ಎರಡರಲ್ಲಿ ಕಾರ್ಖಾನೆಯ ಕ್ರೇನಿನ ಭಾಗ ಮುಚ್ಚಿತು. ರೋಲಂಡ್‌ಗೆ ಕೆಲಸ ಹೋಯಿತು. ಐವತ್ತಾರು ವರ್ಷದ ಕ್ರೇನಿನವನನ್ನು ಯಾರು ಕರೆಯುತ್ತಾರೆ? ಮೊದಮೊದಲು ಚೆನ್ನಾಗೇ ಇದ್ದ. ಮೀನು ಹಿಡಿದ, ಮನೆಯ ಚಾವಣಿ ಸರಿ ಮಾಡಿದ. ಚಳಿಗಾಲ ಬಂದ ಮೇಲೆ ಗುರುವಾರಗಳು ತಪ್ಪತೊಡಗಿದವು. ಮೊಣಕಾಲು ನೋವು ಅಂದ. ನಾವು ನಂಬಿದೆವು.

ಮರುವರ್ಷದ ಮಾರ್ಚಿನಲ್ಲಿ ಎಮಿಲ್‌ಗೆ ಬಂದೂಕಿನ ಸಂತೆಯಲ್ಲಿ ಅದೇ ನಾಲ್ಕಿಂಚಿನದು ಇನ್ನೊಂದು ಸಿಕ್ಕಿತು. ಒಂದು ಗೀಚೂ ಇಲ್ಲ, ಪೆಟ್ಟಿಗೆಯ ಸಮೇತ, ಪೆಟ್ಟಿಗೆಯೊಳಗಿನ ಎಣ್ಣೆಕಾಗದದ ಸಮೇತ. ಅವತ್ತು ಅವನ ಸಂತೋಷ ಹೇಳತೀರದು. ದಾರಿಯಲ್ಲೇ ರೋಲಂಡ್‌ನ ಮನೆಗೆ ಹೋಗಿ, "ತಗೋ, ನಿನ್ನ ಕಾಟ ಸಾಕು. ಹಳೇದು ನಿನಗೇ," ಅಂದ.

ರೋಲಂಡ್ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದನಂತೆ. "ಹಿಡಿ ಚೆನ್ನಾಗಿ ಕೂರುತ್ತೆ," ಅಂದನಂತೆ. ಆಮೇಲೆ ಕೊಟ್ಟಿಗೆಗೆ ಹೋಗಿ ತನ್ನ ಎರಡು ಮೀನಿನ ಗಾಳದ ಕೋಲು ತಂದು ಎಮಿಲ್‌ನ ಟ್ರಕ್ಕಿನಲ್ಲಿಟ್ಟ. "ನೀನೇ ಇಟ್ಕೋ. ನಾನಿನ್ನು ಹೋಗಲ್ಲ." ಎಮಿಲ್ ಇದನ್ನು ಖುಷಿಗೆ ಕೊಟ್ಟದ್ದು ಅಂದುಕೊಂಡ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಮೇ ತಿಂಗಳ ಒಂದು ಮಂಗಳವಾರ, ಹೆಂಡತಿ ನೋರ್ಮಾ ಕೆಲಸಕ್ಕೆ ಹೋಗಿದ್ದಾಗ, ರೋಲಂಡ್ ಆ ರಿವಾಲ್ವರಿನಿಂದಲೇ ಜೀವ ತೆಗೆದುಕೊಂಡ.

ಮರುವಾರ ಅಂತ್ಯಕ್ರಿಯೆಯಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಕೋಸು ಹಾಕಿದ ನೂಡಲ್, ಹಂದಿಮಾಂಸದ ಸಾಸೇಜು, ಆಲೂಗಡ್ಡೆ ತುಂಬಿದ ಕಡುಬು. ಎಲ್ಲರೂ ಹವೆಯ ಬಗ್ಗೆ ಮಾತಾಡಿದರು, ನದಿ ಏರಿದ್ದರ ಬಗ್ಗೆ ಮಾತಾಡಿದರು. ರಿವಾಲ್ವರಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಅದು ಯಾರದು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಎಮಿಲ್ ತನ್ನ ತಟ್ಟೆ ಖಾಲಿ ಮಾಡಿದ. ಎರಡನೇ ಸಲವೂ ಹಾಕಿಸಿಕೊಂಡ. ಅವನಿಗೆ ಹಸಿವಿತ್ತು ಅಂತಲ್ಲ. ಯಾರೋ ಬಡಿಸಿದರು, ಅವನು ತಿಂದ.

ಎರಡು ದಿನ ಬಿಟ್ಟು ಗುರುವಾರ. ಎಮಿಲ್ ಬರುವುದಿಲ್ಲ ಅಂದುಕೊಂಡಿದ್ದೆವು. ಬಂದ. ಇಪ್ಪತ್ತೈದು ಗಜದಲ್ಲಿ ಮೂವತ್ತು ಗುಂಡು ಹೊಡೆದ. ಮುನ್ನೂರಕ್ಕೆ ಇನ್ನೂರ ಎಂಬತ್ತೇಳು. ಅದು ಅವನ ಮಾಮೂಲಿ ಅಂಕ, ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಊರಿನಲ್ಲಿ ಕೆಲವರು, ಇವನ ಎದೆಯಲ್ಲಿ ಇರೋದು ಕಲ್ಲು ಅಂದರು.

ಆಗ್ನೆಸ್ ನನಗೆ ಬೇರೆ ಹೇಳಿದಳು. "ಕೈ ತೊಳೆಯೋಕೆ ನಲ್ಲಿ ಬಿಡ್ತಾನೆ ಗಸ್. ಬಿಟ್ಟು ಹಂಗೇ ನಿಲ್ತಾನೆ. ನಾನು ಹೋಗಿ ನಿಲ್ಲಿಸೋವರೆಗೂ ನೀರು ಹೋಗ್ತಾ ಇರುತ್ತೆ. ಏನಾಯ್ತು ಅಂದ್ರೆ ಏನಿಲ್ಲ ಅಂತಾನೆ. ಸುಳ್ಳು ಹೇಳ್ತಿಲ್ಲ ಅವನು. ನಿಜವಾಗ್ಲೂ ಏನೂ ಇಲ್ಲ ಅಲ್ಲಿ."

ಪೊಲೀಸರ ಕೆಲಸವೆಲ್ಲ ಮುಗಿದು ಅಕ್ಟೋಬರಿನಲ್ಲಿ ರಿವಾಲ್ವರನ್ನು ನೋರ್ಮಾಗೆ ವಾಪಸು ಕೊಟ್ಟರು. ಕಾನೂನಿನ ಪ್ರಕಾರ ಅದು ಅವಳದು. ಅವಳು ಅದನ್ನು ಕಂದು ಕಾಗದದ ಚೀಲದಲ್ಲಿಟ್ಟುಕೊಂಡು ಎಮಿಲ್‌ನ ಮನೆಗೆ ಬಂದಳು. ನಾನು ಅಲ್ಲೇ ಇದ್ದೆ, ಅವನ ಚರಂಡಿ ಕೊಳವೆ ಬಿಡಿಸಲು ಬಂದಿದ್ದೆ. ನೋರ್ಮಾ ಒಳಗೆ ಬರಲಿಲ್ಲ. ಜಗಲಿಯಲ್ಲೇ ನಿಂತಳು.

"ಇದು ನಿಮ್ಮದು," ಅಂದಳು.

"ಕೊಟ್ಟಾಗಿತ್ತು ನೋರ್ಮಾ."

"ನಂಗೆ ಬೇಡ. ಮನೇಲಿ ಇಟ್ಕೊಳ್ಳೋಕಾಗಲ್ಲ, ಬಿಸಾಕೋಕೆ ಎಲ್ಲಿ ಅಂತ ಗೊತ್ತಿಲ್ಲ." ಆಮೇಲೆ ಕೇಳಿದಳು: "ಅವತ್ತು ತಗೊಳ್ಳೋವಾಗ ಏನಾದ್ರೂ ಅಂದ್ರಾ ಅವರು?"

"ಹಿಡಿ ಚೆನ್ನಾಗಿ ಕೂರುತ್ತೆ ಅಂದ."

"ಅಷ್ಟೇನಾ?"

"ಗಾಳದ ಕೋಲು ಕೊಟ್ಟ. ಇನ್ನು ಹೋಗಲ್ಲ ಅಂದ."

ನೋರ್ಮಾ ತಲೆ ಆಡಿಸಿದಳು. "ನಂಗೂ ಹೇಳಿದ್ರು. ಮೀನಿನ ವಾಸನೆ ನಿಂಗೆ ಆಗಲ್ವಲ್ಲ, ಬಿಟ್ಬಿಟ್ಟೆ ಅಂತ. ನಾನು ಒಳ್ಳೇದಾಯ್ತು ಅಂದೆ." ಚೀಲವನ್ನು ಬೆಂಚಿನ ಮೇಲಿಟ್ಟು ಹೋದಳು. ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು. ಬಂದಿರಲಿಲ್ಲ.

ಎಮಿಲ್ ಅದನ್ನು ತೆಗೆದು ಮೂಸಿದ. ಸಿಲಿಂಡರು ಹೊರಗೆ ತಳ್ಳಿ ಆರೂ ತೂತು ಮುಟ್ಟಿ ನೋಡಿದ. ಪೊಲೀಸರ ಕೋಣೆಯ ತೇವಕ್ಕೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ನೆಲಮಾಳಿಗೆಗೆ ಒಯ್ದು, ತಿರುಪು ಬಿಚ್ಚಿ, ತಿಕ್ಕಿ, ಎಣ್ಣೆ ಹಾಕಿ, ಮತ್ತೆ ಕೂಡಿಸಿದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ.

ಮರುದಿನ ನನ್ನನ್ನು ಕರೆದುಕೊಂಡು ಕ್ಲಬ್ಬಿಗೆ ಹೋದ. ಯಾರೂ ಇರಲಿಲ್ಲ. ಇಪ್ಪತ್ತೈದು ಗಜದಲ್ಲಿ ಕಾಗದ ಕಟ್ಟಿ ಆರು ಗುಂಡು ಹೊಡೆದ. ಆರೂ ಕಪ್ಪು ವೃತ್ತದೊಳಗೆ, ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ. ಹೋಗಿ ಕಾಗದವನ್ನು ಬಹಳ ಹೊತ್ತು ನೋಡಿದ.

"ಸರಿಯಾಗೇ ಇದೆ," ಅಂದ. "ಇದರಲ್ಲಿ ಏನೂ ತಪ್ಪಿಲ್ಲ."

ಅವನು ಏನು ಹುಡುಕಿಕೊಂಡು ಬಂದಿದ್ದನೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ರಿವಾಲ್ವರು ಬೀರುವಿಗೆ ಹೋಯಿತು.

ಮುಂದೆ ಎರಡು ವರ್ಷ ಹೇಳುವಂಥದ್ದೇನೂ ನಡೆಯಲಿಲ್ಲ. ಅವನು ನಿವೃತ್ತನಾದ. ಬಂದೂಕಿನ ಸಂತೆಗೆ ಹೋಗುತ್ತಿದ್ದ, ಮೇಜಿನಿಂದ ಮೇಜಿಗೆ ನಡೆಯುತ್ತಿದ್ದ, ಕೊಳ್ಳುತ್ತಿರಲಿಲ್ಲ. ಒಮ್ಮೆ ಎರಡೂವರೆ ಇಂಚಿನದು, ಬಹಳ ಅಪರೂಪದ್ದು, ಅವನು ವರ್ಷಗಟ್ಟಲೆ ಹುಡುಕಿದ್ದು, ಕಣ್ಣೆದುರೇ ಇತ್ತು. ಎತ್ತಿ ನೋಡಿ ಕೆಳಗಿಟ್ಟ. "ಬೇಡ್ವೇನೋ?" ಅಂದೆ. "ಬೇಕು ಅಂತ ಅನ್ನಿಸ್ತಿಲ್ಲ," ಅಂದ.

ಟೆರ್ರಿ ಬೆವಿಲಾಕ್ವಾ ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಗಲಾಟೆಯವನು. ನಲವತ್ತು ದಾಟಿದ್ದ, ಬೆಸುಗೆ ಕೆಲಸದವನು, ಬಾಯಿ ತೆರೆದರೆ ತಮಾಷೆ. ಎರಡು ಸಾವಿರದ ಆರರ ಜನವರಿಯಲ್ಲಿ ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಟೆರ್ರಿ ಆ ಗುರುವಾರವೂ ಬಂದ, ತಮಾಷೆಯನ್ನೂ ಮಾಡಿದ. ಹೊಡೆದ ಮೇಲೆ ತನ್ನ ಒಳ್ಳೆಯ ಬೇಟೆಚಾಕುವನ್ನು ಸೊಂಟದಿಂದ ಬಿಚ್ಚಿ ನನಗೆ ಕೊಟ್ಟ. "ಇಟ್ಕೊಳ್ಳಿ ಗಸ್. ನೀವು ಯಾವಾಗ್ಲೂ ಇದನ್ನೇ ನೋಡ್ತಿದ್ರಿ." ನಾನು ಹಿಗ್ಗಿ ತೆಗೆದುಕೊಂಡೆ.

ಎಮಿಲ್ ಪಕ್ಕದಲ್ಲೇ ಇದ್ದ. ಚಾಕುವನ್ನು ನೋಡಿದ, ಟೆರ್ರಿಯನ್ನು ನೋಡಿದ. ಹೊರಗೆ ಟ್ರಕ್ಕುಗಳ ಹತ್ತಿರ ಅವನನ್ನು ನಿಲ್ಲಿಸಿಕೊಂಡ. ನನ್ನನ್ನೂ ಕರೆದ.

"ಟೆರ್ರಿ, ನಿನ್ನ ಬಂದೂಕೆಲ್ಲ ಸ್ವಲ್ಪ ದಿನ ನನ್ನ ಹತ್ರ ಇರಲಿ."

ಟೆರ್ರಿ ನಕ್ಕ. "ಯಾಕೆ, ನಿಮ್ಮ ಬೀರುವಲ್ಲಿ ಜಾಗ ಜಾಸ್ತಿ ಆಯ್ತಾ?"

"ಜಾಗ ಇದೆ."

"ನಂಗೇನು ಹುಚ್ಚು ಹಿಡಿದಿದೆ ಅಂದ್ಕೊಂಡ್ರಾ?"

"ನಂಗೊತ್ತಿಲ್ಲ. ರೋಲಂಡ್ ವಿಷ್ಯದಲ್ಲೂ ಗೊತ್ತಾಗಿರ್ಲಿಲ್ಲ. ಕೊಡು."

"ಹೋಗ್ರೀ, ನಿಮ್ಮ ಪಾಪ ತೊಳ್ಕೊಳ್ಳೋಕೆ ನಾನೇ ಸಿಕ್ಕಿದ್ನಾ?" ಅಂದುಬಿಟ್ಟ ಟೆರ್ರಿ.

ಎಮಿಲ್ ಮುಖ ಹೇಗಿತ್ತೋ ಹಾಗೇ ಇತ್ತು. "ಇರಬಹುದು," ಅಂದ. "ಕೊಡು."

ಟೆರ್ರಿ ಟ್ರಕ್ಕು ಹತ್ತಿ ಹೋದ. ಎಮಿಲ್ ಅವನ ಹಿಂದೆಯೇ ಹೋದ, ನಾನು ಎಮಿಲ್‌ನ ಹಿಂದೆ. ಟೆರ್ರಿಯ ಅಡುಗೆಮನೆಯಲ್ಲಿ ಕೂತೆವು. ಸಿಂಕಿನಲ್ಲಿ ಪಾತ್ರೆ ರಾಶಿ. ಟೆರ್ರಿ ಬೈದ, ಆಮೇಲೆ ಟಿವಿ ಹಾಕಿದ, ಆಮೇಲೆ ಪೆಪ್ಪರೋನಿ ಮಾಂಸ ತುಂಬಿದ ತಣ್ಣನೆಯ ಬನ್ನುಗಳನ್ನು ಮೇಜಿನ ಮೇಲೆ ಎಸೆದ. ಎಮಿಲ್ ಒಂದು ತಿಂದ. ಬುದ್ಧಿ ಹೇಳಲಿಲ್ಲ, ದೇವರ ಹೆಸರು ಎತ್ತಲಿಲ್ಲ, ಬದುಕು ದೊಡ್ಡದು ಗಿಡ್ಡದು ಅನ್ನಲಿಲ್ಲ. ಕೂತಿದ್ದ, ಅಷ್ಟೆ. ಮೂರು ತಾಸು ಕಳೆದ ಮೇಲೆ ಟೆರ್ರಿ ಎದ್ದು ಒಳಗೆ ಹೋಗಿ ಒಂದೊಂದಾಗಿ ತಂದ. ಎರಡು ರೈಫಲು, ಒಂದು ಶಾಟ್‌ಗನ್ನು, ಒಂದು ರಿವಾಲ್ವರು. ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ಒಯ್ದೆವು.

ಅವತ್ತೇ ಎಮಿಲ್ ಬೀರುವಿನ ಬೀಗದಕೈ ನನಗೆ ಕೊಟ್ಟ. ಇದ್ದ ಎರಡೂ ಬೀಗದಕೈಗಳನ್ನು.

"ನನ್ನ ಹತ್ರ ಇದ್ರೆ ಅವನು ಕೇಳಿದಾಗ ಕೊಟ್ಟುಬಿಡ್ತೀನಿ," ಅಂದ. ತಡೆದು, "ನನಗೂ ಅದು ಕೈಗೆ ಸಿಗೋ ಹಾಗೆ ಇರೋದು ಬೇಡ," ಅಂದ.

ಆ ಎರಡನೇ ಮಾತು ಏನೆಂದು ನಾನು ಕೇಳಬೇಕಿತ್ತು. ಬೀಗದಕೈಗಳನ್ನು ನನ್ನ ಬಸ್ಸಿನ ಕೀಲಿಗಳ ಗೊಂಚಲಿಗೆ ಸೇರಿಸಿಕೊಂಡೆ. ಆಮೇಲೆ ಹದಿಮೂರು ವರ್ಷ ಅವು ಅಲ್ಲೇ ಇದ್ದವು. ಗುರುವಾರ ಸಂಜೆ ನಾನೇ ಹೋಗಿ ಬೀರು ತೆಗೆದು, ಅವನಿಗೆ ಬೇಕಾದ ಒಂದನ್ನು ಕೊಟ್ಟು, ಹೊಡೆದು ಬಂದ ಮೇಲೆ ಒಳಗಿಟ್ಟು ಬೀಗ ಹಾಕುತ್ತಿದ್ದೆ.

ಮೂರು ವಾರ ಆಯಿತು. ಫೆಬ್ರವರಿಯ ಒಂದು ಮಧ್ಯಾಹ್ನ, ಶಾಲೆಗೆ ಹಿಮದ ರಜೆ. ನಾನು ಎಮಿಲ್‌ನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಟೆರ್ರಿ ಬಂದ. ಕುಡಿದಿದ್ದ. ಜಗಲಿಯಲ್ಲಿ ನಿಂತು ಬಾಗಿಲು ಗುದ್ದಿದ. ಎಮಿಲ್ ಹೊರಗೆ ಹೋಗಿ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತ.

"ನನ್ನ ರೈಫಲ್ ಕೊಡ್ರಿ."

"ಬೀಗದಕೈ ನನ್ನ ಹತ್ರ ಇಲ್ಲ."

"ಸುಳ್ಳು! ಕಳ್ಳ ನನ್ಮಗನೇ, ನನ್ನ ಮಾಲು ಇಟ್ಕೊಂಡು…"

"ಸುಳ್ಳಲ್ಲ. ಬೇಕಾದ್ರೆ ಪೊಲೀಸ್ರನ್ನ ಕರಿ. ಒಳಗೆ ಬಾ, ಇಲ್ಲಿಂದ್ಲೇ ಫೋನ್ ಮಾಡು. ಚಳಿ ಇದೆ."

ಟೆರ್ರಿ ಅವನ ಎದೆಗೆ ಎರಡೂ ಕೈಯಿಂದ ನೂಕಿದ. ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಎಮಿಲ್ ಹಿಂದಕ್ಕೆ ಬಿದ್ದ, ಬಲಗೈ ಅಡಿಗೆ ಸಿಕ್ಕಿತು. ಕಟಕ್ಕೆಂದದ್ದು ಒಳಗಿದ್ದ ನನಗೂ ಕೇಳಿಸಿತು.

ಆಮೇಲೆ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಟೆರ್ರಿ ಹಿಮದಲ್ಲಿ ಮಂಡಿಯೂರಿ, "ಅಯ್ಯೋ ದೇವರೇ, ಅಯ್ಯೋ ಎಮಿಲ್," ಅಂತ ಮಗುವಿನ ಹಾಗೆ ಅತ್ತ. ಎಮಿಲ್ ಮಲಗಿದಲ್ಲಿಂದಲೇ, "ಅಳೋದು ಆಮೇಲೆ, ಮೊದ್ಲು ಎತ್ತು," ಅಂದ. ಮೂವರೂ ನನ್ನ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಟೆರ್ರಿ ಹಿಂದಿನ ಸೀಟಿನಲ್ಲಿ ಎಮಿಲ್‌ನ ಮುರಿದ ಕೈಯನ್ನು ತನ್ನ ತೊಡೆಯ ಮೇಲೆ, ಒಂದು ದಿಂಬಿನ ಮೇಲಿಟ್ಟು, ಅಲುಗದ ಹಾಗೆ ಹಿಡಿದುಕೊಂಡಿದ್ದ.

ನರ್ಸು ಕೇಳಿದಳು, "ಏನಾಯ್ತು ನಿಮಗೆ?"

"ಜಾರಿ ಬಿದ್ದೆ," ಅಂದ ಎಮಿಲ್.

"ಇಲ್ಲ, ನಾನು ನೂಕಿದೆ," ಅಂದ ಟೆರ್ರಿ. "ಬಂದೂಕು ಕೊಡ್ಲಿಲ್ಲ ಅಂತ ನೂಕಿದೆ. ಅದು ಯಾಕೆ ಬೇಕಾಗಿತ್ತು ಅಂದ್ರೆ… ಅಮ್ಮಾ, ನನ್ನನ್ನೂ ಸ್ವಲ್ಪ ನೋಡ್ತೀರಾ?"

ಆ ನರ್ಸು ಪೆನ್ನು ಕೆಳಗಿಟ್ಟು ಎದ್ದು ಬಂದು ಅವನ ಭುಜದ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದಳು. ಹನ್ನೆರಡು ದಿನ ಅವನನ್ನು ಅಲ್ಲಿಟ್ಟುಕೊಂಡರು. ಅವತ್ತು ಎಮಿಲ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಾಗ ನಾನು, "ಒಬ್ಬನನ್ನ ಉಳಿಸಿದೆ ಕಣಯ್ಯ," ಅಂದೆ. ಅವನು, "ಒಳಗೆ ಚಾವಣಿಗೆ ಎಂಬತ್ತನಾಲ್ಕು ಹಲಗೆ ಇವೆ. ಒಂದು ಒಡೆದಿದೆ," ಅಂದ.

ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶವೇ ಹೋಯಿತು. ಟ್ರಿಗರ್ ಮೇಲೆ ಬೆರಳು ಇದೆಯೋ ಇಲ್ಲವೋ ನೋಡಿಯೇ ತಿಳಿಯಬೇಕು. ಹಾಗೆ ಹೊಡೆಯುವುದು ತಪ್ಪು ಎಂದು ಅವನೇ ಬಲಗೈ ಬಿಟ್ಟ. ಅರವತ್ತಮೂರನೇ ವಯಸ್ಸಿನಲ್ಲಿ ಎಡಗೈ ಕಲಿತ. ಆ ರಿವಾಲ್ವರುಗಳೆಲ್ಲ ಬಲಗೈಯವರಿಗೆ ಮಾಡಿದವು, ಸಿಲಿಂಡರು ಎಡಕ್ಕೆ ತೆರೆಯುತ್ತದೆ. ತೋಟಾ ತುಂಬುವಾಗ ಎರಡೆರಡು ಸಲ ಕೈ ಬದಲಿಸಬೇಕು. ಮೊದಲ ವರ್ಷ ಇನ್ನೂರು ಮುಟ್ಟಲಿಲ್ಲ. ಹೊಸದಾಗಿ ಸೇರಿದವರು ಅವನನ್ನು ಎಂದೂ ಗುರಿ ಬಾರದ ಮುದುಕ ಅಂದುಕೊಂಡರು. ಅವನು ತಿದ್ದಲಿಲ್ಲ.

ಸುದ್ದಿ ಹರಡಿತು. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಒಬ್ಬಳು ತಾಯಿ ತನ್ನ ಮಗನ ಪಿಸ್ತೂಲು ತಂದಳು. ಸೈನ್ಯದಿಂದ ಬಂದವನೊಬ್ಬ ತಾನೇ ತಂದು, ಟ್ರಕ್ಕಿನಿಂದ ಇಳಿಯದೆ ಕಿಟಕಿಯಿಂದಲೇ ಕೊಟ್ಟು ಹೋದ. ಪಾದ್ರಿಯೊಬ್ಬರು ಬಂದರು, ಯಾರದೋ ಪರವಾಗಿ ಅಂದರು. ಯಾರದೂ ಅಲ್ಲ, ಅವರದೇ. ಎಮಿಲ್ ಕೊಟ್ಟವರ ಹೆಸರು ಬರೆದು ದಾರದಿಂದ ಕಟ್ಟುತ್ತಿದ್ದ, ನಾನು ಬೀಗ ತೆಗೆದು ಒಳಗಿಡುತ್ತಿದ್ದೆ. ಏಕೆಂದು ಅವನು ಕೇಳುತ್ತಿರಲಿಲ್ಲ.

ವಾಪಸು ಕೊಡುವುದು ಯಾವಾಗ ಎಂಬುದನ್ನು ಆಗ್ನೆಸ್ ಹೇಳುತ್ತಿದ್ದಳು. ಕೇಳಿ ಬಂದವರನ್ನು ಅವಳು ಊಟಕ್ಕೆ ಕೂರಿಸುತ್ತಿದ್ದಳು, ಜೊತೆಗೆ ಅವರ ಮನೆಯವರೊಬ್ಬರು ಇರಲೇಬೇಕು. ಕೋಸಿನ ನೂಡಲ್ ಬಡಿಸಿ ಎದುರಿಗೆ ಕೂತು ನೋಡುತ್ತಿದ್ದಳು. ತಟ್ಟೆ ಕೆದಕಿ ಎದ್ದರೆ, "ಇನ್ನೊಂದು ತಿಂಗಳು ಬಿಟ್ಟು ಬನ್ನಿ," ಅನ್ನುತ್ತಿದ್ದಳು. ಉಪ್ಪು ಕಡಿಮೆಯಾಯಿತು ಅಂತ ಜಗಳ ತೆಗೆದರೆ ನನಗೆ ಫೋನು ಬರುತ್ತಿತ್ತು, ಬೀಗದಕೈ ತಾ ಎಂದು.

ಎಲ್ಲವೂ ನೆಟ್ಟಗಾಗಲಿಲ್ಲ. ಒಬ್ಬ ಚೆನ್ನಾಗಿ ಉಂಡ, ನಕ್ಕ, ತನ್ನದನ್ನು ತೆಗೆದುಕೊಂಡು ಹೋದ, ಒಂಬತ್ತು ದಿನಕ್ಕೆ ಹೋಗಿಬಿಟ್ಟ. ಆಗ್ನೆಸ್ ಒಂದು ವಾರ ಅಡುಗೆಮನೆಗೆ ಹೋಗಲಿಲ್ಲ. ಎಮಿಲ್ ಅವನ ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಬಂದು ಅವಳಿಗೆ, "ನಾಳೆ ಒಬ್ಬರು ಬರ್ತಾರಂತೆ. ಊಟ ಮಾಡಬೇಕು," ಅಂದ. ಅವಳು ಎದ್ದಳು.

ಟೆರ್ರಿಗೆ ಹೆಂಡತಿ ಮರಳಲಿಲ್ಲ, ಮಗಳು ಬೇಸಿಗೆಗೆ ಬರತೊಡಗಿದಳು. ಅವನು ಹಳೆ ಕಬ್ಬಿಣದ ಅಂಗಡಿಯೊಂದರಲ್ಲಿ ಬೆಸುಗೆ ಕೆಲಸ ಹಿಡಿದ. ಅವನ ಬಂದೂಕುಗಳನ್ನು ಎಮಿಲ್ ಮರುವರ್ಷ ಕೊಟ್ಟ. ಒಂದು ದಿನ ಎಮಿಲ್ ಅದೇ ನಾಲ್ಕಿಂಚಿನದನ್ನು, ರೋಲಂಡ್‌ನದನ್ನು, ಅವನ ಅಂಗಡಿಗೆ ಒಯ್ದ. ನೋರ್ಮಾಳನ್ನು ಕೇಳಿದ್ದ. ಅವಳು, "ನನ್ನನ್ನ ಕೇಳಬೇಡಿ," ಅಂದಿದ್ದಳು. ಟೆರ್ರಿ ಅದನ್ನು ಕೈಯಲ್ಲಿ ಹಿಡಿದು, "ಎಷ್ಟು ಚೆನ್ನಾಗಿದೆಯಲ್ರೀ ಇದು," ಅಂದ.

"ಚೆನ್ನಾಗಿದೆ. ಕತ್ತರಿಸು."

ಬೆಂಕಿಯ ಕೊಳವೆಯಿಂದ ನಾಲ್ಕು ತುಂಡು ಮಾಡಿದ. ಉರುಳೆ ಸವರಿ ಉಬ್ಬು ಹೇಳುತ್ತಿದ್ದ ಮನುಷ್ಯ, ಒಂದು ಗೀಚು ಬಿದ್ದರೂ ಊಟ ಬಿಡುತ್ತಿದ್ದ ಮನುಷ್ಯ, ಕಪ್ಪು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನಿಂತು ನೋಡಿದ. ಆಮೇಲೆ ಟ್ರಕ್ಕಿನಲ್ಲಿ ನಾನು ಕೇಳಿದೆ, ಈಗ ಸ್ವಲ್ಪ ಹಗುರ ಅನ್ನಿಸುತ್ತದೆಯೇ ಎಂದು.

"ಇಲ್ಲ," ಅಂದ. "ನನಗೆ ಏನೂ ಅನ್ನಿಸಲ್ಲ ಗಸ್. ಬಹಳ ವರ್ಷ ಆಯ್ತು. ಬಾಗಿಲು ತಟ್ಟಿದ್ರೆ ಏಳ್ತೀನಿ, ತೆಗೀತೀನಿ. ಅದಕ್ಕೆ ಅನ್ನಿಸಬೇಕು ಅಂತೇನಿಲ್ಲವಲ್ಲ."

ಎರಡು ಸಾವಿರದ ಹತ್ತೊಂಬತ್ತರ ಜನವರಿಯಲ್ಲಿ, ಬೆಳಗಿನ ಕಾಫಿ ಕುಡಿಯುತ್ತಾ, ಎಮಿಲ್ ತೀರಿಕೊಂಡ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ವಯಸ್ಸು ಎಪ್ಪತ್ತಾರು. ಚರ್ಚು ತುಂಬಿ ಜನ ಹೊರಗೆ ನಿಂತಿದ್ದರು. ಇಷ್ಟು ಮಾತಿಲ್ಲದವನಿಗೆ ಇಷ್ಟು ಜನ ಎಲ್ಲಿಂದ ಬಂದರು ಎಂದು ಅವನ ತಂಗಿಯ ಮಕ್ಕಳು ಆಶ್ಚರ್ಯಪಟ್ಟರು. ನಾನು ಹೇಳಲಿಲ್ಲ. ನೋರ್ಮಾ ಬಂದಿದ್ದಳು. ಆಗ್ನೆಸ್‌ಳ ಪಕ್ಕದಲ್ಲಿ ಕೂತಳು. ಇಬ್ಬರೂ ಅಳಲಿಲ್ಲ. ನನಗೂ ಅಳು ಬರಲಿಲ್ಲ. ಗುಂಡಿಗೆ ಮಣ್ಣು ಹಾಕುವಾಗ ನನ್ನ ಕೈಗವಸು ತೂತಾಗಿದೆ ಎಂಬುದೊಂದೇ ಗಮನಕ್ಕೆ ಬಂತು.

ಅವನ ರಿವಾಲ್ವರುಗಳನ್ನು ಸಂಗ್ರಹಕಾರರು ಕೊಂಡೊಯ್ದರು. ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ಎಂದು ಹೊಗಳಿದರು. ಉಳಿದದ್ದು ಬೇರೆಯವರ ಮೂರು. ಎರಡನ್ನು ಕೊಡಬೇಕಾದ ರೀತಿಯಲ್ಲಿ ಕೊಟ್ಟೆವು. ಮೂರನೆಯದು ಒಂದು ಶಾಟ್‌ಗನ್ನು, ಚೀಟಿಯಲ್ಲಿ ಡ್ವೈಟ್ ಎಂಬ ಹೆಸರು, ಒಂದು ಫೋನ್ ನಂಬರು. ನಂಬರು ಸತ್ತಿತ್ತು. ಆಗ್ನೆಸ್, "ಹುಡುಕು ಗಸ್. ಇದ್ದಾನೋ ಇಲ್ವೋ ಅಷ್ಟಾದ್ರೂ ಗೊತ್ತಾಗ್ಲಿ," ಅಂದಳು.

ಮೇ ತಿಂಗಳಲ್ಲಿ ಸೇತುವೆ ದಾಟಿ ಒಹಾಯೊ ಕಡೆ ಹೋದೆ. ಅಲ್ಲಿ ಇಲ್ಲಿ ಕೇಳಿ ಮನೆ ಸಿಕ್ಕಿತು. ಅಂಗಳದಲ್ಲಿ ಒಬ್ಬ ದಪ್ಪನೆಯ ಮನುಷ್ಯ ಹುಲ್ಲು ಕತ್ತರಿಸುವ ಯಂತ್ರವನ್ನು ಬೋರಲು ಹಾಕಿ ಏನೋ ಬಿಚ್ಚುತ್ತಿದ್ದ.

"ಎಮಿಲ್ ವ್ರಾಬೆಲ್ ಕಡೆಯಿಂದ ಬಂದೆ," ಅಂದೆ.

"ಯಾರು?"

"ನದಿ ಆಚೆ. ನಿಮ್ಮ ಶಾಟ್‌ಗನ್ನು ಅವರ ಹತ್ರ ಇತ್ತು."

ಅವನು ಎದ್ದು ನಿಂತ. "ಓ," ಅಂದ. "ಆ ಮುದುಕರಾ? ಮರ್ತೇ ಹೋಗಿತ್ತು ನೋಡಿ. ಏಳೆಂಟು ವರ್ಷ ಆಯ್ತಲ್ಲ." ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಹೆಂಗಿದ್ದಾರೆ?"

"ಹೋದ್ರು. ಜನವರೀಲಿ."

"ಅಯ್ಯೋ, ಹೌದಾ." "ಅದು ಬೇಡ ನಂಗೆ. ಯಾರಿಗಾದ್ರೂ ಕೊಟ್ಬಿಡಿ. ನಿಮ್ಮ ಹತ್ರ ಒಂಬತ್ತರ ಸ್ಪ್ಯಾನರ್ ಏನಾದ್ರೂ ಇದೆಯಾ?"

ಕಾರಿನಲ್ಲಿತ್ತು. ತಂದು ಕೊಟ್ಟೆ. ಅವನು ಬಗ್ಗಿ ಬೋಲ್ಟು ಬಿಗಿದು, ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಹಗ್ಗ ಎಳೆದ. ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹತ್ತಿಕೊಂಡಿತು. ಆ ಗದ್ದಲದಲ್ಲಿ ಅವನು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಸ್ಪ್ಯಾನರ್ ವಾಪಸು ಕೊಟ್ಟು, ಕೈ ಎತ್ತಿ, ಹುಲ್ಲು ಕತ್ತರಿಸಲು ಹೋದ.